ಆರೋಗ್ಯವೋ, ಕನ್ನಡಿಯ ಗುಲಾಮಗಿರಿಯೋ?

2020ರ ಮಾರ್ಚ್‌ನಲ್ಲಿ ಮುಚ್ಚಿದ ಜಿಮ್‌ಗಳನ್ನು ತೆರೆಯಲು ಅನುಮತಿ ಸಿಕ್ಕಿದ್ದು ಆಗಸ್ಟ್ 5ಕ್ಕೆ. 2021ರ ಎರಡನೆಯ ಅಲೆಯಲ್ಲಿ ಅವುಗಳಿಗೆ ಮತ್ತೆ ಬೀಗ ಬಿತ್ತು. ಆ ತಿಂಗಳುಗಳಲ್ಲಿ ಪುತ್ತೂರು, ಸುಳ್ಯ, ಕಡಬದ ನಮ್ಮ ಯುವಕರಲ್ಲಿ ಹಲವರು ಒಂದು ವಿಚಿತ್ರ ಸಂಕಟವನ್ನು ಅನುಭವಿಸಿದರು. ಅವರಿಗೆ ಜ್ವರವಿರಲಿಲ್ಲ, ಕೆಮ್ಮಿರಲಿಲ್ಲ. ತೋಳು ಸಣ್ಣದಾಯಿತು, ಹೊಟ್ಟೆ ಮುಂದೆ ಬಂತು ಎಂಬುದೇ ಅವರ ಚಿಂತೆ. ಕಬಡ್ಡಿ, ವಾಲಿಬಾಲ್ ಆಡುತ್ತಿದ್ದ ಗಟ್ಟಿಮುಟ್ಟಾದ ಹುಡುಗರು ಮೊಬೈಲಿನಲ್ಲಿ ತಮ್ಮದೇ ಹಳೆಯ ಫೋಟೋ ನೋಡಿ ಕೊರಗಿದರು. ಕೆಲವರು ರಾತ್ರಿಯ ಊಟ ಬಿಟ್ಟರು.

ಆಗ ನಾವೇನು ಮಾಡಿದೆವು? 'ಎಂತ ಮಾರಾಯ, ಹೀಗೆ ಊದಿದ್ದು?' ಎಂದು ಕೇಳಿ ನಕ್ಕೆವು. ಹೆಣ್ಣುಮಕ್ಕಳಿಗಂತೂ ಈ ಮಾತು ಹೊಸತಲ್ಲ. ಪ್ರತಿ ಮದುವೆ ಮನೆಯಲ್ಲೂ ಅವರು ಇದನ್ನು ಕೇಳುತ್ತಲೇ ಬಂದಿದ್ದಾರೆ. ಊರೂರುಗಳಿಂದ ಸಾವಿನ ಸುದ್ದಿ ಬರುತ್ತಿದ್ದ ದಿನಗಳಲ್ಲೂ ದಪ್ಪಗಾದವರ ಬಗ್ಗೆ ಜೋಕುಗಳನ್ನು ಹಂಚಿಕೊಂಡ ಸಮಾಜ ನಮ್ಮದು.

ವ್ಯಾಯಾಮ ಬೇಡವೆಂದು ನಾವು ಹೇಳುತ್ತಿಲ್ಲ. ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೂ ಹೇಳಿದೆ. ಬೊಜ್ಜು ಇರುವವರಿಗೆ ಕೊರೋನಾ ಹೆಚ್ಚು ಅಪಾಯಕಾರಿಯಾಗಿತ್ತು ಎಂಬುದೂ ನಿಜ. ಆದರೆ ವೇಗವಾಗಿ ನಡೆಯಲು, ಮನೆಯಂಗಳದಲ್ಲಿ ಬಸ್ಕಿ ಹೊಡೆಯಲು ಜಿಮ್ ಬೇಕಿಲ್ಲ. ಕೆಲವು ತಿಂಗಳ ವಿರಾಮದಲ್ಲಿ ಕುಗ್ಗಿದ ಕಸುವು ಅಭ್ಯಾಸ ಪುನರಾರಂಭಿಸಿದರೆ ಮರಳುತ್ತದೆ. ಹಾಗಾದರೆ ಕಳೆದುಕೊಂಡದ್ದು ಆರೋಗ್ಯವನ್ನೋ, ನೋಡುವವರ ಮೆಚ್ಚುಗೆಯನ್ನೋ?

ಎಷ್ಟು ಮೈ ಬೆಳೆಸಿದರೂ ತಾನು ಸಣಕಲನೆಂದೇ ಕೊರಗುವ ಸ್ಥಿತಿಯನ್ನು ಮನೋವೈದ್ಯರು 1990ರ ದಶಕದಲ್ಲೇ ಗುರುತಿಸಿದ್ದಾರೆ. ಮಾರುಕಟ್ಟೆಗೆ ಮಾತ್ರ ಈ ಕೊರಗೇ ಬಂಡವಾಳ. ಮೊದಲು ನಿನ್ನ ದೇಹ ಸರಿಯಿಲ್ಲವೆಂದು ನಂಬಿಸುವುದು, ಬಳಿಕ ಪುಡಿ ಮಾರುವುದು. ಅದೂ ಸಾಲದೆ ವೈದ್ಯರ ಚೀಟಿಯಿಲ್ಲದೆ ಸ್ಟೀರಾಯ್ಡ್ ಚುಚ್ಚಿಸಿಕೊಂಡರೆ ಹೃದಯ, ಯಕೃತ್ತು, ಸಂತಾನಶಕ್ತಿ ಎಲ್ಲಕ್ಕೂ ಅಪಾಯ. ಆರೋಗ್ಯಕ್ಕೆಂದು ಹೊರಟವನು ಆರೋಗ್ಯವನ್ನೇ ಮಾರಿಕೊಳ್ಳುವುದು ಹೀಗೆ.

ಲಾಕ್‌ಡೌನ್‌ಗೆ ಎರಡು ತಿಂಗಳ ಮೊದಲಷ್ಟೇ ನಮ್ಮ ಜಿಲ್ಲೆಯಲ್ಲಿ ನಡೆದುದನ್ನು ನೆನಪಿಸಿಕೊಳ್ಳಿ. 2020ರ ಫೆಬ್ರವರಿ 1ರಂದು ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದರು. ದೇಶವೇ ಅವರ ಮೈಕಟ್ಟಿನ ಫೋಟೋ ನೋಡಿ ಬೆರಗಾಯಿತು, ಉಸೇನ್ ಬೋಲ್ಟ್‌ಗೆ ಹೋಲಿಸಿತು. ಅವರು ಕಟ್ಟಡ ಕಾರ್ಮಿಕರು. ಆ ದೇಹ ಬೆಳೆದದ್ದು ಕನ್ನಡಿಯ ಮುಂದಲ್ಲ. ಕಲ್ಲು ಹೊತ್ತು, ಕೆಸರು ತುಳಿದು. ನಾವು ಫೋಟೋ ಮೆಚ್ಚಿದೆವು, ಅದರ ಹಿಂದಿನ ದುಡಿಮೆಯನ್ನು ಮರೆತೆವು.

ಲಾಕ್‌ಡೌನ್‌ನಲ್ಲಿ ಕೃಷಿ ಕೆಲಸಕ್ಕೆ ವಿನಾಯಿತಿ ಇತ್ತು. ಅಡಿಕೆ ಮರ ಏರಿ ಮದ್ದು ಬಿಡುವವನಿಗೆ, ಸುಳ್ಯದ ರಬ್ಬರ್ ತೋಟದಲ್ಲಿ ಬೆಳಗಾಗುವ ಮುನ್ನ ಟ್ಯಾಪಿಂಗಿಗೆ ಹೊರಡುವವಳಿಗೆ ತನ್ನ ಮೈ ಹೇಗೆ ಕಾಣುತ್ತದೆ ಎಂದು ಯೋಚಿಸಲು ಪುರುಸೊತ್ತಿರಲಿಲ್ಲ. ನಾಳೆ ಕೆಲಸ ಉಂಟೇ ಎಂಬುದೇ ಅವರ ಪ್ರಶ್ನೆ. ಅವರ ಬವಣೆಯನ್ನು ವೈಭವೀಕರಿಸುವುದು ನಮ್ಮ ಉದ್ದೇಶವಲ್ಲ. ಮರದಿಂದ ಬಿದ್ದು ಸೊಂಟ ಮುರಿದುಕೊಂಡವರು ನಮ್ಮ ಊರುಗಳಲ್ಲಿದ್ದಾರೆ. ಆದರೆ ನಮಗೆ ಅನ್ನ ನೀಡುವ ಈ ದೇಹಗಳಿಗೆ ಯಾವ ಜಾಹೀರಾತಿನಲ್ಲಿ ಜಾಗವಿದೆ?

ಪುತ್ತೂರಿನ ಪಡುಮಲೆ, ಸುಳ್ಯದ ಪಂಜ, ಕಡಬದ ಎಣ್ಮೂರು ಕೋಟಿ ಚೆನ್ನಯರ ಕಥೆಯ ನೆಲ. ಗರಡಿ ಎಂಬ ಮಾತು ಇಲ್ಲಿನ ಮಕ್ಕಳಿಗೂ ಗೊತ್ತು. ಆ ವೀರರನ್ನು ಜನ ಇಂದಿಗೂ ನೆನೆಯುವುದು ಅವರ ತೋಳಿನ ಸುತ್ತಳತೆಗಲ್ಲ, ಅನ್ಯಾಯದ ಮುಂದೆ ಬಾಗದ ಛಲಕ್ಕೆ.

ಲಾಕ್‌ಡೌನ್ ಮುಗಿದು ವರ್ಷಗಳಾದವು. ಆ ಕೊರಗು ಮುಗಿಯಿತೇ? ಮನೆಯ ಹುಡುಗನೊಬ್ಬ ಊಟದ ತಟ್ಟೆಯನ್ನು ಭಯದಿಂದ ನೋಡುತ್ತಿದ್ದರೆ ಗೇಲಿ ಮಾಡದೆ ಅವನ ಬಳಿ ಕುಳಿತು ಮಾತಾಡಿ; ಅಗತ್ಯವಿದ್ದರೆ ವೈದ್ಯರ ಬಳಿ ಕರೆದೊಯ್ಯಿರಿ. ಮುಂದಿನ ಮದುವೆ ಮನೆಯಲ್ಲಿ ಯಾರನ್ನಾದರೂ ಕಂಡಾಗ 'ದಪ್ಪಗಾದೆ', 'ಸಪೂರವಾದೆ' ಎನ್ನುವ ಬದಲು 'ಸೌಖ್ಯವೇ?' ಎಂದು ಕೇಳೋಣ. ಇಷ್ಟಾದರೂ ನಮ್ಮಿಂದಾಗದೇ?