ಮೆಕ್ಯಾನಿಕ್ ಕುಳಿತರೆ ಸುಮ್ಮನಾಗುವ ಸದ್ದು



ಈ ಸಲ ಮಳೆಗಾಲದ ಮೊದಲು ಮನೆಯ ವಯರಿಂಗ್ ನೋಡಿಕೊಳ್ಳುವ ಬಗ್ಗೆ ಬರೆಯಬೇಕೆಂದಿದ್ದೆ. ಅಷ್ಟರಲ್ಲಿ ಬೇಳದ ಕಡೆಯ ಕುಟುಂಬವೊಂದು ತಮ್ಮ ಕಾರಿನ ತಾಪತ್ರಯ ಹೇಳಿಕೊಂಡಿತು. ಮಂಗಳೂರಿನಿಂದ ಹಳೆ ಕಾರು ಕೊಂಡು ತಂದ ಮನೆಗಳು ನಮ್ಮಲ್ಲಿ ಬಹಳ ಇರುವುದರಿಂದ ವಯರಿಂಗ್ ಮುಂದಿನ ತಿಂಗಳಿಗಿರಲಿ.

ಕಾರು ಒಂಬತ್ತು ವರ್ಷ ಹಳೆಯ ಆಲ್ಟೊ. ಶೋಕಿಗೆ ಕೊಂಡದ್ದಲ್ಲ. ಮನೆಯ ಹಿರಿಯರಿಗೆ ವಾರಕ್ಕೆ ಎರಡು ಸಲ ಮಂಗಳೂರಿನಲ್ಲಿ ಡಯಾಲಿಸಿಸ್. ಬಸ್ಸಿನಲ್ಲಿ ಅವರಿಂದಾಗದು, ಬಾಡಿಗೆ ಕಾರಿಗೆ ಕೊಟ್ಟು ಪೂರೈಸದು. ಕೊಂಡು ಮೂರು ತಿಂಗಳಾಗುವಾಗ ಮುಂಭಾಗದಿಂದ 'ಟಕ್ ಟಕ್ ಟಕ್' ಎಂಬ ಸದ್ದು ಶುರುವಾಯಿತು. ಒಂದು ದಿನ ಬರುತ್ತದೆ, ಎರಡು ದಿನ ಇಲ್ಲ. ಗ್ಯಾರೇಜಿಗೆ ಒಯ್ದರೆ ಮೆಕ್ಯಾನಿಕ್ ಪೇಟೆಯಲ್ಲಿ ಒಂದು ಸುತ್ತು ಓಡಿಸಿ "ಏನೂ ಇಲ್ಲವಲ್ಲಾ" ಎಂದ. ಎರಡನೇ ಸಲ ಒಯ್ದಾಗ ಮುಂದಿನ ಎರಡೂ ಶಾಕ್ ಅಬ್ಸಾರ್ಬರ್ ಬದಲಾಯಿಸಿದರು. ಸಾವಿರಗಟ್ಟಲೆ ಹಣ ಹೋಯಿತು, ಸದ್ದು ಉಳಿಯಿತು. ಮತ್ತೊಂದು ಗ್ಯಾರೇಜಿನವರು ಎಂಜಿನ್ ಮೌಂಟಿಂಗ್ ಹೋಗಿದೆ ಎಂದರು. ಅಷ್ಟರಲ್ಲಿ ಮನೆಯೊಳಗೇ ಎರಡು ಪಕ್ಷವಾಗಿತ್ತು. ಹಿಂದೆ ಕುಳಿತವರಿಗೆ ಸದ್ದು ಕೇಳುತ್ತದೆ, ಒಬ್ಬನೇ ಓಡಿಸಿಕೊಂಡು ಕೆಲಸಕ್ಕೆ ಹೋಗುವ ಮಗನಿಗೆ ಕೇಳುವುದಿಲ್ಲ. "ನಿಮಗೆಲ್ಲ ಭ್ರಮೆ" ಎಂದು ಅವನ ವಾದ.

ನಾನು ಹೇಳಿದ್ದು ಇಷ್ಟೆ: ಹತ್ತು ದಿನ ಯಾವ ಭಾಗವನ್ನೂ ಬದಲಾಯಿಸಬೇಡಿ, ಒಂದು ಹಳೆಯ ನೋಟುಪುಸ್ತಕ ಕಾರಿನಲ್ಲಿಡಿ. ಸದ್ದು ಬಂದಾಗ ಪಕ್ಕದಲ್ಲಿ ಕುಳಿತವರು ಬರೆಯಲಿ, ಓಡಿಸುವವರು ಬರೆಯಬಾರದು. ವೇಗ ಎಷ್ಟಿತ್ತು, ರಸ್ತೆ ಏರೋ ಇಳಿತವೋ ಸಮತಟ್ಟೋ, ಸ್ಟಿಯರಿಂಗ್ ಯಾವ ಕಡೆಗಿತ್ತು, ಕಾಲು ಬ್ರೇಕಿನ ಮೇಲಿತ್ತೋ ಆಕ್ಸಿಲರೇಟರಿನ ಮೇಲೋ, ಕಾರಿನಲ್ಲಿ ಎಷ್ಟು ಜನ, ಎಂಜಿನ್ ತಣ್ಣಗಿತ್ತೋ ಬಿಸಿಯಾಗಿತ್ತೋ, ಮಳೆ ಬಂದಿತ್ತೋ. ಸದ್ದು ಹೇಗಿತ್ತು ಎಂಬುದಕ್ಕಿಂತ ಯಾವಾಗ ಬಂತು ಎಂಬುದೇ ಮುಖ್ಯ. 'ಟಕ್ ಟಕ್' ಎನ್ನುವ ವಸ್ತು ಕಾರಿನಲ್ಲಿ ಹತ್ತಾರಿವೆ. ಆದರೆ ಏರಿನಲ್ಲಿ, ಬಲಕ್ಕೆ ತಿರುಗುವಾಗ ಮಾತ್ರ ಟಕ್ ಎನ್ನುವುದು ಅಷ್ಟು ಇಲ್ಲ.

ಹತ್ತು ದಿನದಲ್ಲಿ ಒಂಬತ್ತು ಸಲ ಬರೆದಿದ್ದರು. ಓದಿದಾಗ ಒಂಬತ್ತೂ ಒಂದೇ ಕತೆ ಹೇಳುತ್ತಿದ್ದವು. ಅವರ ಮನೆ ರಸ್ತೆಗಿಂತ ಕೆಳಗೆ, ತೋಟದ ನಡುವೆ. ಅಂಗಳದಿಂದ ಕಡಿದಾದ ಏರು ಹತ್ತಿ ಬಲಕ್ಕೆ ತಿರುಗಿ ಡಾಮರು ರಸ್ತೆ ಸೇರಬೇಕು. ಸದ್ದು ಅಲ್ಲಿ ಬಂದಿದೆ. ಭಾನುವಾರ ಪೂಜೆಗೆ ಹೋಗುವಾಗ ಗುಡ್ಡದ ತಿರುವಿನಲ್ಲೂ ಬಂದಿದೆ. ಪ್ರತಿ ಸಲವೂ ಕಾರಿನಲ್ಲಿ ನಾಲ್ಕೈದು ಜನ. ಏರು, ತಿರುವು, ಭಾರ ಈ ಮೂರೂ ಕೂಡಿದಾಗ ಮಾತ್ರ ಸದ್ದು. ಮಗ ಒಬ್ಬನೇ ಹೋಗುವಾಗ ಭಾರವಿಲ್ಲ. ಮೆಕ್ಯಾನಿಕ್ ಪೇಟೆಯ ಸಮತಟ್ಟು ರಸ್ತೆಯಲ್ಲಿ ನೆಟ್ಟಗೆ ಹೋಗಿ ನೆಟ್ಟಗೆ ಬಂದಾಗ ಮೂರರಲ್ಲಿ ಒಂದೂ ಇಲ್ಲ. ಯಾರೂ ಸುಳ್ಳು ಹೇಳಿರಲಿಲ್ಲ, ಭ್ರಮೆಯೂ ಆಗಿರಲಿಲ್ಲ.

ಇದರ ಕಾರಣ ಹೀಗೆ. ಆಲ್ಟೊದಂಥ ಕಾರುಗಳಲ್ಲಿ ಎಂಜಿನಿನ ಶಕ್ತಿ ಹೋಗುವುದು ಮುಂದಿನ ಚಕ್ರಗಳಿಗೆ. ಅದೇ ಚಕ್ರಗಳು ಎಡಕ್ಕೂ ಬಲಕ್ಕೂ ತಿರುಗಬೇಕು, ಗುಂಡಿಯಲ್ಲಿ ಮೇಲೆ ಕೆಳಗೂ ಆಗಬೇಕು. ಹಾಗಾಗಿ ಎರಡೂ ಬದಿಯ ಆಕ್ಸಲಿನ ತುದಿಯಲ್ಲಿ ನಮ್ಮ ಭುಜದ ಕೀಲಿನಂಥ ಒಂದು ಕೀಲು ಇರುತ್ತದೆ. ಗ್ಯಾರೇಜಿನಲ್ಲಿ ಸಿ.ವಿ. ಜಾಯಿಂಟ್ ಎನ್ನುತ್ತಾರೆ. ಅದರೊಳಗೆ ಉಕ್ಕಿನ ಗುಂಡುಗಳು, ತುಂಬ ಗ್ರೀಸು, ಹೊರಗಿನಿಂದ ಸುಕ್ಕುಸುಕ್ಕಾದ ರಬ್ಬರಿನ ಬೂಟ್. ವರ್ಷಗಳು ಕಳೆದಂತೆ ರಬ್ಬರ್ ಬಿರುಕು ಬಿಡುತ್ತದೆ, ಚಕ್ರ ತಿರುಗಿದಂತೆ ಗ್ರೀಸು ಹೊರಗೆ ಸಿಡಿಯುತ್ತದೆ, ಆ ಜಾಗಕ್ಕೆ ನೀರೂ ನಮ್ಮೂರ ಕೆಂಪು ಧೂಳೂ ಸೇರುತ್ತದೆ. ಆಮೇಲೆ ಅದು ಅರೆಯುವ ಕಲ್ಲಿನಂತೆ ಉಕ್ಕನ್ನು ತಿನ್ನುತ್ತದೆ. ಸವೆದ ಕೀಲು ನೆಟ್ಟಗಿರುವಾಗ ಮಾತಾಡುವುದಿಲ್ಲ, ಮಡಚಿದಾಗ, ಅದೂ ಹೊರೆ ಹೊತ್ತಾಗ ಟಕ್ ಎನ್ನುತ್ತದೆ. ಮಂಡಿನೋವಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಖಾತ್ರಿಪಡಿಸಿಕೊಳ್ಳಲು ಖಾಲಿ ಮೈದಾನ ಸಾಕು. ಸ್ಟಿಯರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ, ಮೊದಲ ಗೇರಿನಲ್ಲಿ ಸ್ವಲ್ಪ ಆಕ್ಸಿಲರೇಟರ್ ಕೊಡುತ್ತಾ ನಿಧಾನ ಸುತ್ತು ಹಾಕಬೇಕು, ಆಮೇಲೆ ಇನ್ನೊಂದು ಕಡೆಗೆ. ಒಬ್ಬರು ಸಾಕಷ್ಟು ದೂರ ನಿಂತು ಕೇಳಬೇಕು, ಮಕ್ಕಳು ಹತ್ತಿರ ಇರಬಾರದು. ಇವರ ಕಾರು ಬಲಕ್ಕೆ ಸುತ್ತಿದಾಗ ಎಲ್ಲರಿಗೂ ಕೇಳುವಂತೆ ಟಕಟಕಿಸಿತು. ಬಗ್ಗಿ ನೋಡಿದರೆ ಎಡಚಕ್ರದ ಬೂಟ್ ಹರಿದು, ಚಕ್ರದ ಒಳಮೈಗೆಲ್ಲ ಕಪ್ಪು ಗ್ರೀಸು ರಾಚಿತ್ತು. ಶಾಕ್ ಅಬ್ಸಾರ್ಬರ್ ಬದಲಾಯಿಸುವಾಗ ಅದು ಅವರ ಕಣ್ಣೆದುರೇ ಇತ್ತಲ್ಲ ಎಂಬುದು ನನಗೆ ಈಗಲೂ ಅರ್ಥವಾಗದ ವಿಷಯ.

ಬೂಟ್ ಬಿರುಕು ಬಿಟ್ಟಾಗಲೇ ಗಮನಿಸಿದರೆ ಹೊಸ ಬೂಟ್, ಹೊಸ ಗ್ರೀಸಿನಲ್ಲಿ ಮುಗಿಯುತ್ತದೆ. ಸದ್ದು ಶುರುವಾದ ಮೇಲೆ ಗ್ರೀಸು ತುಂಬಿ ಪ್ರಯೋಜನವಿಲ್ಲ, ಕೀಲನ್ನೇ ಬದಲಾಯಿಸಬೇಕು. ಅಸಡ್ಡೆ ಮಾಡಿ ಅದು ಒಂದು ದಿನ ಮುರಿದರೆ ಎಂಜಿನ್ ಓಡುತ್ತದೆ, ಕಾರು ಮುಂದೆ ಹೋಗುವುದಿಲ್ಲ. ಏರಿನಲ್ಲಾದರೆ ಹಿಂದಕ್ಕೆ ಜಾರುತ್ತದೆ. ಗೇರಿನಲ್ಲಿಟ್ಟು ನಿಲ್ಲಿಸೋಣವೆಂದರೂ ಚಕ್ರಕ್ಕೂ ಗೇರಿಗೂ ಸಂಬಂಧ ತಪ್ಪಿರುವುದರಿಂದ ನಿಲ್ಲದು, ಬ್ರೇಕೇ ಗತಿ. ಡಯಾಲಿಸಿಸ್ ಮುಗಿಸಿ ಸುಸ್ತಾಗಿ ಹಿಂದೆ ಒರಗಿದ ಹಿರಿಯರನ್ನು ಕೂರಿಸಿಕೊಂಡು ಆ ಏರಿನಲ್ಲಿ ಹಾಗಾಗಿದ್ದರೆ? ಕೀಲು ಬದಲಾಯಿಸುವವರೆಗೆ ಅವರನ್ನು ನೆರೆಮನೆಯವರ ಕಾರಿನಲ್ಲಿ ಕಳಿಸಿದರು. ಅದು ಸರಿಯಾದ ತೀರ್ಮಾನ.

ಬೇರೆ ಸದ್ದುಗಳಿಗೂ ಇದೇ ದಾರಿ. ಕಾರು ನಿಂತಿರುವಾಗ ನ್ಯೂಟ್ರಲಿನಲ್ಲಿಟ್ಟು ಆಕ್ಸಿಲರೇಟರ್ ಒತ್ತಿದಾಗ ಸದ್ದು ಬಂದರೆ ಎಂಜಿನ್, ಬೆಲ್ಟು ಅಥವಾ ಸೈಲೆನ್ಸರಿನ ಕಡೆ ಹುಡುಕಿ. ಓಡುವಾಗ ಮಾತ್ರ ಬಂದು, ವೇಗದ ಜೊತೆ ಏರಿಳಿದರೆ ಚಕ್ರದ ಕಡೆ. ಇದನ್ನು ತಿಳಿಯಲು ಖಾಲಿಯಾದ ಸಮತಟ್ಟು ರಸ್ತೆಯಲ್ಲಿ ಒಂದು ಕ್ಷಣ ನ್ಯೂಟ್ರಲಿಗೆ ತರಬಹುದು, ಆದರೆ ಕೀಲಿಕೈ ಮಾತ್ರ ತಿರುಗಿಸಬೇಡಿ. ಎಂಜಿನ್ ನಿಂತರೆ ಬ್ರೇಕ್ ಕಲ್ಲಿನಂತಾಗುತ್ತದೆ, ಕೀಲಿಕೈ ತೆಗೆದರೆ ಸ್ಟಿಯರಿಂಗೇ ಲಾಕ್ ಆಗುತ್ತದೆ. ದೂರದ ವಿಮಾನದಂತೆ ಗುಂಯ್‌ಗುಡುವ ಸದ್ದು ಎಡತಿರುವಿನಲ್ಲಿ ಜಾಸ್ತಿಯಾದರೆ ಹೆಚ್ಚಾಗಿ ಬಲಚಕ್ರದ ಬೇರಿಂಗ್, ಏಕೆಂದರೆ ಎಡಕ್ಕೆ ತಿರುಗುವಾಗ ಭಾರ ಬಲಕ್ಕೆ ಬೀಳುತ್ತದೆ.

ನಗು ತರಿಸುವ ಕಾರಣಗಳೂ ಇವೆ. ಟಯರಿನ ಸಂದಿಯಲ್ಲಿ ಸಿಕ್ಕ ಜಲ್ಲಿ, ಡಿಕ್ಕಿಯಲ್ಲಿ ಸಡಿಲವಾದ ಜಾಕಿ, ಏ.ಸಿ. ಫ್ಯಾನಿನೊಳಗೆ ಇಲಿ ತಂದಿಟ್ಟ ಅಡಿಕೆ ಸಿಪ್ಪೆ. ಒಬ್ಬರ ಕಾರಿನಲ್ಲಿ ತಿಂಗಳುಗಟ್ಟಲೆ ಕಾಡಿದ 'ಟಿಕ್ ಟಿಕ್', ಕನ್ನಡಿಗೆ ತೂಗುಹಾಕಿದ ಜಪಸರದ ಶಿಲುಬೆ ಗಾಜಿಗೆ ತಾಗುವುದಾಗಿತ್ತು. ಭಕ್ತಿಗೆ ನನ್ನ ಆಕ್ಷೇಪವಿಲ್ಲ, ಆದರೆ ಕಣ್ಣೆದುರು ತೂಗಾಡುವ ಯಾವುದೂ ಓಡಿಸುವವರಿಗೆ ಒಳ್ಳೆಯದಲ್ಲ. ಜೇಬಿನಲ್ಲಿಟ್ಟುಕೊಳ್ಳಿ.

ಗ್ಯಾರೇಜಿಗೆ ಹೋಗುವಾಗ ನೋಟುಪುಸ್ತಕ ತೋರಿಸಿ. "ಶಾಕ್ ಅಬ್ಸಾರ್ಬರ್ ಹೋಗಿದೆ, ಬದಲಾಯಿಸಿ" ಎಂದು ನೀವೇ ಔಷಧಿ ಬರೆದುಕೊಡಬೇಡಿ. ಆಗುವುದಾದರೆ ಮೆಕ್ಯಾನಿಕನ್ನು ಅದೇ ಏರಿಗೆ, ಅಷ್ಟೇ ಜನರೊಂದಿಗೆ ಕರೆದೊಯ್ಯಿರಿ. ತೆಗೆದ ಹಳೆಯ ಭಾಗ ಕೇಳಿ ಪಡೆದು ನೋಡಿ, ಅದರಲ್ಲಿ ನಾಚಿಕೆ ಏನಿಲ್ಲ. ಹಳೆ ಕಾರು ಕೊಳ್ಳುವ ಮೊದಲೇ ಎರಡೂ ಕಡೆ ಆ ಸುತ್ತು ಹಾಕಿಸಿದರೆ ಇನ್ನೂ ಲೇಸು, ಖರ್ಚಿಲ್ಲದ ಪರೀಕ್ಷೆ. ಅಂದಹಾಗೆ, ಕರ್ನಾಟಕದ ನಂಬರಿನ ಕಾರನ್ನು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವುದಾದರೆ ಕೇರಳದ ನಂಬರ್ ಮಾಡಿಸಲೇಬೇಕು. ಅದರ ಎನ್.ಓ.ಸಿ. ಮತ್ತು ತೆರಿಗೆಯ ಖರ್ಚನ್ನೂ ಸೇರಿಸಿ ಕ್ರಯ ಮಾತಾಡಿ.

ಬರೆದುಕೊಳ್ಳುತ್ತಾ ಕೂರಬಾರದ ಸದ್ದುಗಳೂ ಇವೆ. ಬ್ರೇಕ್ ಒತ್ತಿದಾಗ ಕಬ್ಬಿಣ ಕಬ್ಬಿಣಕ್ಕೆ ಉಜ್ಜುವ ಸದ್ದು ಬಂದರೆ ಪ್ಯಾಡ್ ಪೂರ್ತಿ ಸವೆದಿರಬಹುದು, ಮತ್ತೆ ಓಡಿಸಬೇಡಿ. ಸದ್ದಿನ ಜೊತೆ ಸ್ಟಿಯರಿಂಗ್ ಅಲುಗಾಡಿದರೆ, ಕಾರು ಒಂದು ಕಡೆಗೆ ಎಳೆದರೆ, ಅಲ್ಲೇ ಬದಿಗೆ ನಿಲ್ಲಿಸಿ. ಪಂಕ್ಚರ್ ಹಾಕಿಸಿದ ದಿನವೇ ಚಕ್ರದಿಂದ ಹೊಸ ಸದ್ದು ಬಂದರೆ ಇಳಿದು ನಟ್ಟುಗಳನ್ನು ಸ್ಪ್ಯಾನರಿನಿಂದ ಒಂದೊಂದಾಗಿ ಬಿಗಿಮಾಡಿ ನೋಡಿ.