ನೋಟಿಸು ಕೊಡದ ಮುಳುಗಡೆ

ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲ್ಲೂಕಿನವರಿಗೆ ಮುಳುಗಡೆ ಅಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಏರಿ ಬಂದಾಗ ಹೊಲ ಹೋಯಿತು, ಮನೆ ಹೋಯಿತು, ಹಿರಿಯರ ಗೋರಿಗಳೂ ಹೋದವು. ಆ ಅನ್ಯಾಯಕ್ಕೂ ಒಂದು ಲೆಕ್ಕವಿತ್ತು. ಸರ್ವೆ ಆಯಿತು, ನೋಟಿಸು ಬಂತು, ಉತಾರದಲ್ಲಿ ಹೆಸರಿದ್ದವರಿಗೆ ಪರಿಹಾರ ಬಂತು, ಸಾಲದು ಅಂದವರು ಕೋರ್ಟಿನ ಮೆಟ್ಟಿಲು ಹತ್ತಿದರು. ಈಗ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಸಲುವಾಗಿ ರಾಜ್ಯ ಸಂಪುಟ 2025ರ ಸೆಪ್ಟೆಂಬರಿನಲ್ಲಿ ದರ ಗೊತ್ತು ಮಾಡಿದೆ: ನೀರಾವರಿ ಎಕರೆಗೆ 40 ಲಕ್ಷ, ಒಣ ಭೂಮಿಗೆ 30 ಲಕ್ಷ.

ಇದರ ನಡುವೆಯೇ ಇನ್ನೊಂದು ಮುಳುಗಡೆ ಶುರುವಾಗಿದೆ. ಕೃತಕ ಬುದ್ಧಿಮತ್ತೆಯ ಕಂಪನಿಗಳು ಅಂತರ್ಜಾಲದಲ್ಲಿ ಸಿಕ್ಕ ನುಡಿ, ಹಾಡು, ಚಿತ್ರಗಳನ್ನೆಲ್ಲ ಬಾಚಿಕೊಂಡು, ಕಲಸಿ, ಯಾವ ಊರಿನದೂ ಅಲ್ಲದ ಸರಕು ಮಾಡಿ ನಮಗೇ ಮರಳಿಸುತ್ತಿವೆ. ಇದಕ್ಕೆ ಸರ್ವೆ ಇಲ್ಲ, ನೋಟಿಸಿಲ್ಲ, ದರವೂ ಇಲ್ಲ. ಎಕರೆಗೆ ಬೆಲೆ ಕಟ್ಟಿದ ಸರ್ಕಾರ ಒಂದು ಲಾವಣಿಗೆ ಎಷ್ಟು ಕಟ್ಟುತ್ತದೆ?

ಲಾವಣಿಯ ಮಾತು ಸುಮ್ಮನೆ ತೆಗೆದದ್ದಲ್ಲ. ಮುಧೋಳ ತಾಲ್ಲೂಕಿನ ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸುವುದಿಲ್ಲ ಎಂದು ಸೆಟೆದು ನಿಂತರು. ಈಸ್ಟ್ ಇಂಡಿಯಾ ಕಂಪನಿಯ ದಂಡು ಊರಿಗೇ ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ ಮುಧೋಳ ಮತ್ತು ಹಲಗಲಿಯಲ್ಲಿ 19 ಜನರನ್ನು ಗಲ್ಲಿಗೇರಿಸಿತು. ಜಡಗ, ಬಾಲ, ಹನುಮ, ರಾಮರ ಹೆಸರು ಜನರ ಬಾಯಲ್ಲಿ ಉಳಿದದ್ದು ಲಾವಣಿಯಿಂದ. ಅದನ್ನು ಸಂಗ್ರಹಿಸಿ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದವನು ಜೆ. ಎಫ್. ಫ್ಲೀಟ್, ಬ್ರಿಟಿಷ್ ಸರ್ಕಾರದ್ದೇ ಅಧಿಕಾರಿ. ಊರು ಸುಟ್ಟವರ ಕಡೆಯವನಿಗೂ ಹಾಡಿದ್ದನ್ನು ಹಾಡಿದಂತೆ ಬರೆದುಕೊಳ್ಳುವ ನಿಯತ್ತಿತ್ತು. ಇಂದಿನ ಯಂತ್ರಕ್ಕೆ ಅದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವ ಬದಲು ಹೆಸರು ಹುಟ್ಟಿಸುವುದು, ಇಸವಿ ಹುಟ್ಟಿಸುವುದು, ಆಗದ ಕಾಳಗ ಹುಟ್ಟಿಸುವುದು ಅದರ ಚಾಳಿ. ಅಂತರ್ಜಾಲದಲ್ಲಿ ಕನ್ನಡ ಇರುವುದೇ ಕಡಿಮೆ. ಅಲ್ಲಿಗೆ ಈ ಸುಳ್ಳು ಸೇರಿದರೆ ಒಂದು ಯಂತ್ರ ಉಗುಳಿದ್ದನ್ನು ಮುಂದಿನ ಯಂತ್ರ ಉಣ್ಣುತ್ತದೆ, ಅದನ್ನೇ ನಮ್ಮ ಮಕ್ಕಳು ಶಾಲೆಯ ಪ್ರಾಜೆಕ್ಟಿನಲ್ಲಿ ಬರೆಯುತ್ತಾರೆ. ಗಲ್ಲಿಗೇರಿದವರನ್ನು ಮತ್ತೊಮ್ಮೆ ಕೊಲ್ಲುವ ಕೆಲಸ ಇದು.

ಹಾಗಾದರೆ ನಕಲು ಮಾಡುವುದೇ ಪಾಪವೇ? ಅಲ್ಲ. ಮುಧೋಳದ ಬಳೆಗಾರರ ಮನೆಯ ಕವಿ ರನ್ನನಿಗೆ ಆಸರೆಯಾದ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣವನ್ನು 1000 ಪ್ರತಿ ಬರೆಯಿಸಿ ಹಂಚಿದವಳು. ಒಂದೊಂದು ಓಲೆಯನ್ನೂ ಒಬ್ಬ ಲಿಪಿಕಾರ ಓದಿ ಬರೆದ. ಕವಿಯ ಹೆಸರು ಉಳಿಯಿತು, ಕಾವ್ಯವೂ ಉಳಿಯಿತು. ಈಗಿನ ನಕಲಿನಲ್ಲಿ ಓದುವವನಿಲ್ಲ, ಹೆಸರಿಲ್ಲ, ಹೊಣೆಯಂತೂ ಇಲ್ಲವೇ ಇಲ್ಲ.

ಹೊಣೆಗೇಡಿತನ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು 2025ರ ಜುಲೈನಲ್ಲಿ ಇಡೀ ನಾಡು ನೋಡಿತು. ನಟಿ ಬಿ. ಸರೋಜಾದೇವಿಯವರು ತೀರಿಕೊಂಡಾಗ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸಂತಾಪ ಸೂಚಿಸಿದ್ದನ್ನು ಮೆಟಾ ಕಂಪನಿಯ ಯಂತ್ರ ಇಂಗ್ಲಿಷಿಗೆ ತಿರುಗಿಸಿ, ಮುಖ್ಯಮಂತ್ರಿಯೇ ತೀರಿಕೊಂಡರೆಂದು ಸಾರಿಬಿಟ್ಟಿತು. ಮುಖ್ಯಮಂತ್ರಿಯ ಕಚೇರಿ ಖಾರವಾಗಿ ಪತ್ರ ಬರೆಯಿತು, ಕಂಪನಿ ಕ್ಷಮೆ ಕೇಳಿತು. ಮುಖ್ಯಮಂತ್ರಿಗೆ ಪತ್ರ ಬರೆದುಕೊಡುವ ಮಾಧ್ಯಮ ಸಲಹೆಗಾರರಿದ್ದಾರೆ. ಲೋಕಾಪುರದ ರೈತ ಬೆಳೆಗೆ ಹೊಡೆಯುವ ಎಣ್ಣೆಯ ಡಬ್ಬಿಯ ಮೇಲಿನ ಸೂಚನೆ, ಮಹಾಲಿಂಗಪುರದ ಬಾಣಂತಿಯ ಔಷಧಿ ಚೀಟಿ ಹೀಗೇ ತಿರುಗುಮುರುಗಾದರೆ ಪತ್ರ ಬರೆಯುವವರು ಯಾರು? ಕ್ಷಮೆ ಯಾರ ಮನೆ ಬಾಗಿಲಿಗೆ ಬರುತ್ತದೆ?

ಯಂತ್ರವೆಂದರೆ ಬೆಚ್ಚುವ ಸೀಮೆ ನಮ್ಮದಲ್ಲ. ರಬಕವಿ-ಬನಹಟ್ಟಿಯಲ್ಲಿ ಪಾವರ್‌ಲೂಮಿನ ಸದ್ದಿಗೇ ಮಕ್ಕಳು ಮಲಗಿ ಏಳುತ್ತವೆ. ಕೈಮಗ್ಗವನ್ನು ಯಂತ್ರ ನುಂಗಬಾರದೆಂದು 1985ರಲ್ಲಿ ಕಾಯ್ದೆ ತಂದು 22 ಬಗೆಯ ಬಟ್ಟೆ ಮೀಸಲಿಟ್ಟರು, ಆಮೇಲೆ ಅದನ್ನು 11ಕ್ಕೆ ಇಳಿಸಿದರು. ಕಾಯ್ದೆ ಎಷ್ಟು ನಡೆಯಿತು ಅನ್ನುವುದನ್ನು ನೇಕಾರರನ್ನೇ ಕೇಳಿ. ಆದರೂ ಯಂತ್ರಕ್ಕೊಂದು ಗೆರೆ ಬೇಕು ಅನ್ನುವ ವಿವೇಕವಾದರೂ ಆಗ ಇತ್ತು. ನಮ್ಮದೇ ಜಿಲ್ಲೆಯ ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕಬೇಕು. ಯಾವ ಮಗ್ಗದ ಮೇಲೂ ಹುಟ್ಟದ ಸೀರೆಯ ಚಿತ್ರ ತೆಗೆದು ಇಳಕಲ್ಲ ಅಂತ ಹೆಸರಿಟ್ಟು ಮಾರಲು ಈಗ ಗಳಿಗೆ ಸಾಕು. ಭೌಗೋಳಿಕ ಸೂಚಕದ ಮಾನ್ಯತೆ ಸೀರೆಗೆ ಇದೆ. ಚಿತ್ರದ ಮೋಸವನ್ನು ಹಿಡಿಯುವವರು ಮಾತ್ರ ಕಾಣುವುದಿಲ್ಲ.

ದೆಹಲಿಯಲ್ಲಿ ಹಣಕ್ಕೆ ಕೊರತೆ ಇಲ್ಲ. ಇಂಡಿಯಾ ಎಐ ಮಿಷನ್ನಿಗೆ 2024ರ ಮಾರ್ಚಿನಲ್ಲಿ 10,371.92 ಕೋಟಿ ರೂಪಾಯಿ ಮಂಜೂರಾಯಿತು. ಗಣಕಶಕ್ತಿ ಕೊಳ್ಳುವುದಕ್ಕೇ ಅದರಲ್ಲಿ ದೊಡ್ಡ ಪಾಲು. 2025ರ ನವೆಂಬರಿನಲ್ಲಿ ಬಂದ ಕೇಂದ್ರದ ಮಾರ್ಗಸೂಚಿ, ಸದ್ಯಕ್ಕೆ ಪ್ರತ್ಯೇಕ ಕಾಯ್ದೆ ಬೇಡ ಅಂದಿತು. ಎಎನ್‌ಐ ಸುದ್ದಿಸಂಸ್ಥೆ 2024ರಲ್ಲಿ ಓಪನ್‌ಎಐ ಮೇಲೆ ದೆಹಲಿ ಹೈಕೋರ್ಟಿನಲ್ಲಿ ಹಕ್ಕುಸ್ವಾಮ್ಯದ ದಾವೆ ಹೂಡಿತು. ಹೂಡುವ ಬಲ ಅದಕ್ಕಿದೆ, ನಮ್ಮ ಹಾಡುಗಾರರಿಗಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆ ಕರ್ತೃ ಯಾರು ಎಂದು ಕೇಳುತ್ತದೆ. ಲಾವಣಿಗೆ ಊರೇ ಕರ್ತೃ. ಶ್ರೀಕೃಷ್ಣ ಪಾರಿಜಾತ ಬಯಲಾಟದ ಗೊಲ್ಲತಿ ರಂಗದ ಮೇಲೆ ಆ ರಾತ್ರಿ ಆ ಜನರೆದುರು ಹುಟ್ಟಿಸಿ ಆಡಿದ ಮಾತಿಗೆ ಯಾವ ಉತಾರದಲ್ಲಿ ಹೆಸರು ಹುಡುಕುತ್ತೀರಿ? ಕಾಗದವಿಲ್ಲದವರ ಆಸ್ತಿಯನ್ನು ಬೇವಾರಸು ಎಂದು ಬಗೆಯುವ ಹಳೆಯ ದರ್ಪವೇ ಹೊಸ ಅಂಗಿ ತೊಟ್ಟು ಬಂದಿದೆ.

ಯಂತ್ರ ಬರಲಿ, ಕೇಳಿ ಬರಲಿ. ಹಾಡು, ಆಟ, ನಕ್ಷೆ ಬೇಕೆಂದರೆ ಹಲಗಲಿಗೆ ಬಂದು, ಬನಹಟ್ಟಿಗೆ ಬಂದು ಹಾಡುವವರ, ನೇಯುವವರ ಒಪ್ಪಿಗೆ ಕೇಳಿ, ಹಣ ಕೊಟ್ಟು, ಹೆಸರು ಬರೆದು ಒಯ್ಯಲಿ. ಒಲ್ಲೆ ಅಂದರೆ ಬಿಟ್ಟು ಹೋಗಲಿ. ಬಾಗಲಕೋಟೆಯಲ್ಲೇ ಇರುವ ಬಯಲಾಟ ಅಕಾಡೆಮಿ ಈ ಕಾವಲಿಗೆ ನಿಲ್ಲಲಿ. ಸರ್ಕಾರಿ ಕಚೇರಿ ಹೊರಡಿಸುವ ಯಂತ್ರದ ಕನ್ನಡವನ್ನು ಕನ್ನಡ ಬಲ್ಲ ಒಬ್ಬ ಅಧಿಕಾರಿ ಓದಿ ಸಹಿ ಹಾಕಲಿ. ತಪ್ಪಾದರೆ ಆ ಸಹಿ ಉತ್ತರ ಕೊಡಲಿ. ಔಷಧಿ, ಕೋರ್ಟು, ಪರಿಹಾರದ ಕಾಗದಗಳಲ್ಲಿ ಮನುಷ್ಯನ ಕಣ್ಣು ಹಾಯದ ಅನುವಾದ ಒಂದು ಸಾಲೂ ಬೇಡ. ಇಷ್ಟನ್ನೂ ಮಾಡದೆ ತರುವ ತಂತ್ರಜ್ಞಾನಕ್ಕೆ ಪ್ರಗತಿ ಎಂದು ಹೆಸರಿಡಬೇಡಿ. ಅದು ಲೂಟಿ, ಲೂಟಿಗೆ ನಮ್ಮ ಒಪ್ಪಿಗೆ ಇಲ್ಲ.