ಮಸಿ ಮೆತ್ತಿದ ಮುಖ

ಏಪ್ರಿಲ್ 14 ಬಂತೆಂದರೆ ನಮ್ಮಲ್ಲಿ ಅಗ್ನಿಶಾಮಕ ದಳದ ಗುಣಗಾನ ಮೊದಲಾಗುತ್ತದೆ. 1944ರ ಅದೇ ದಿನ ಮುಂಬಯಿ ಬಂದರಿನಲ್ಲಿ ‘ಫೋರ್ಟ್ ಸ್ಟಿಕೀನ್’ ಹಡಗು ಸಿಡಿದು, ಬೆಂಕಿ ಆರಿಸಹೋದ ಹತ್ತಾರು ಮಂದಿ ಮಡಿದರು. ಅವರನ್ನು ನೆನೆಯಬೇಕಾದದ್ದೇ. ನನ್ನ ತಕರಾರು ಆ ನೆನಪಿಗೆ ತೊಡಿಸುವ ಅಲಂಕಾರದ ಮೇಲೆ. ಭಾಷಣಕಾರರಿಗೆ ಅವರು ಜ್ವಾಲೆಯನ್ನು ಗೆದ್ದ ವೀರರು. ಪತ್ರಿಕೆಗೆ ಮಸಿ ಮೆತ್ತಿದ ಮುಖದ ಒಂದು ಚಿತ್ರ. ಕನ್ನಡ ಪಾಠ ಹೇಳುವ ನಾನು ವಿಶೇಷಣಗಳ ಸಂಗತಿ ಬಲ್ಲೆ: ಕೊಡುವವನಿಗೆ ಕಾಸಿನ ಖರ್ಚಿಲ್ಲ.

ಆ ಮಸಿಯೇ ವಿಷವಲ್ಲವೆ? 1775ರಷ್ಟು ಹಿಂದೆಯೇ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್, ಹೊಗೆಗೂಡು ಗುಡಿಸುವವರಿಗೆ ವೃಷಣಚೀಲದ ಕ್ಯಾನ್ಸರು ತಗಲುವುದು ಮಸಿಯಿಂದಲೇ ಎಂದು ಬರೆದ. ಇಂದು ಮನೆಯೊಂದು ಸುಟ್ಟರೆ ಏಳುವುದು ಸೌದೆಯ ಹೊಗೆ ಮಾತ್ರವೂ ಅಲ್ಲ; ಪ್ಲಾಸ್ಟಿಕ್ಕು, ಫೋಮಿನ ಹಾಸಿಗೆ, ಬಣ್ಣ, ವಿದ್ಯುತ್ ತಂತಿಯ ಹೊದಿಕೆ ಎಲ್ಲ ಸೇರಿರುತ್ತವೆ. ಕಲ್ನಾರಿನ ತಗಡಿದ್ದರೆ ಅದರ ಪುಡಿಯೂ ಉಂಟು. ಈ ವಿಷಗಳಲ್ಲಿ ಕೆಲವು ಉಸಿರಿನಿಂದಷ್ಟೇ ಅಲ್ಲ, ಚರ್ಮದಿಂದಲೂ ಒಳಗಿಳಿಯುತ್ತವೆ. ಫ್ರಾನ್ಸಿನ ಲಿಯೋನ್ ನಗರದಲ್ಲಿರುವ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2022ರಲ್ಲಿ ಈ ವೃತ್ತಿಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲನೆಯ ವರ್ಗಕ್ಕೆ, ತಂಬಾಕು ಕಲ್ನಾರುಗಳ ಪಂಕ್ತಿಗೆ ಸೇರಿಸಿತು. (ಅಪಾಯ ತಂಬಾಕಿನಷ್ಟೇ ಎಂದಲ್ಲ, ಸಾಕ್ಷ್ಯ ಅಷ್ಟು ಗಟ್ಟಿ ಎಂದು.) ಮೂತ್ರಕೋಶದ ಕ್ಯಾನ್ಸರು ಮತ್ತು ಪುಪ್ಪುಸದ ಹೊರಪೊರೆಯಂಥ ಪೊರೆಗಳಿಗೆ ಬರುವ ಮೆಸೊಥೆಲಿಯೋಮ, ಈ ಎರಡಕ್ಕೆ ಸಾಕ್ಷ್ಯ ಸಾಕಷ್ಟಿದೆ ಎಂದಿತು.

‘ಬೀಡಿ ಸೇದುತ್ತಿದ್ದನೋ ಏನೋ, ಯಾವ ಬೆಂಕಿಯಿಂದ ಬಂತೆಂದು ಯಾರು ಕಂಡರು?’ ಎನ್ನುವವರಿದ್ದಾರೆ. ಕಾಣಲಾಗದು, ನಿಜ. ಅದಕ್ಕೇ ಕೆನಡಾದ ಮ್ಯಾನಿಟೋಬ ಪ್ರಾಂತ 2002ರಲ್ಲಿ ಕಾಯಿದೆ ಮಾಡಿತು: ಗೊತ್ತಾದಷ್ಟು ವರ್ಷ ದುಡಿದವನಿಗೆ ಗೊತ್ತಾದ ಕೆಲವು ಕ್ಯಾನ್ಸರು ಬಂದರೆ ಅದು ಕೆಲಸದಿಂದಲೇ ಬಂದದ್ದೆಂದು ಭಾವಿಸತಕ್ಕದ್ದು, ಅಲ್ಲವೆನ್ನುವವರು ರುಜುವಾತು ತರಲಿ. ರೋಗಿಯ ಹೆಂಡತಿ ಕಾಗದ ಹಿಡಿದು ಕಚೇರಿಗಳ ಮೆಟ್ಟಿಲು ಹತ್ತಿಳಿಯುವುದಕ್ಕಿಂತ ಇದು ಮರ್ಯಾದೆಯ ದಾರಿ.

ನಮ್ಮ ಹಿಂದಿನವರು ತುರುಗಾಳಗದಲ್ಲಿ ಬಿದ್ದವನಿಗೆ ವೀರಗಲ್ಲು ನಿಲ್ಲಿಸಿ ಸುಮ್ಮನಾಗುತ್ತಿರಲಿಲ್ಲ. ಅವನ ಮನೆಯವರಿಗೆ ನೆತ್ತರುಗೊಡಗೆಯೆಂದು ಭೂಮಿ ಬಿಟ್ಟದ್ದನ್ನೂ ಶಾಸನಗಳು ಹೇಳುತ್ತವೆ. ಇಪ್ಪತ್ತು ವರ್ಷ ತಡವಾಗಿ, ಆಸ್ಪತ್ರೆಯ ಮಂಚದ ಮೇಲೆ ಬೀಳುವವನನ್ನು ನಾವು ಯಾವ ಲೆಕ್ಕಕ್ಕೆ ಸೇರಿಸೋಣ?

ಬೇಕಾದದ್ದು ಬಹಳವೇನಲ್ಲ. ಬೆಂಕಿ ಆರಿ ಬೂದಿ ಕೆದಕುವಾಗಲೂ ಉಸಿರಾಟದ ಮುಖವಾಡ ಕಳಚಬಾರದು. ಮಸಿಯಾದ ಸಮವಸ್ತ್ರ ಮನೆಯ ಬಚ್ಚಲಿಗೆ ಬರದೆ ಠಾಣೆಯಲ್ಲೇ ಒಗೆತವಾಗಬೇಕು. ತೊಡಲು ಎರಡನೆಯ ಜೊತೆ ಇರಬೇಕು. ಯಾರು ಯಾವ ಬೆಂಕಿಗೆ ಹೋದರೆಂಬ ದಾಖಲೆ, ನಿವೃತ್ತಿಯ ನಂತರವೂ ವೈದ್ಯ ಪರೀಕ್ಷೆ, ಮ್ಯಾನಿಟೋಬದಂಥ ಒಂದು ಕಾಯಿದೆ. ಹೂಮಾಲೆ ಆಮೇಲೆ ತಂದರೂ ನಡೆದೀತು.